ಜೇಬಿನ ಚಾಕು: ಮೂರಂಗುಲ ಸಾಕು

ಶುಕ್ರವಾರ ಸಂಜೆಯಾದರೆ ಹಾಸನದ ಬಸ್ ನಿಲ್ದಾಣದಲ್ಲಿ ಒಂದು ನೋಟ ಖಾಯಂ. ಸಕಲೇಶಪುರದ ಕಡೆ, ಸುಬ್ರಹ್ಮಣ್ಯದ ಕಡೆ ಹೋಗುವ ಬಸ್ಸುಗಳ ಬಾಗಿಲಲ್ಲಿ ಬೆನ್ನಿಗೆ ಮೂಟೆ ಕಟ್ಟಿಕೊಂಡ ಹುಡುಗರ ದಂಡು. ‘ಚೀಲ ಕೆಳಗಿಳಿಸ್ರಪ್ಪಾ, ಹಿಂದಿನವರ ಮುಖಕ್ಕೆ ಬಡೀತದೆ’ ಅಂತ ಕಂಡಕ್ಟರ ಕೂಗು. ಚೀಲದೊಳಗೆ ಡೇರೆ, ಹಗ್ಗ, ಟಾರ್ಚು, ನೂಡಲ್ಸ್ ಪೊಟ್ಟಣ. ತಳದಲ್ಲಿ, ಕಾಲುಚೀಲದ ಮಧ್ಯೆ, ಒಂದು ಮಡಚುವ ಚಾಕು.

ಡೇರೆ ಯಾವ ಕಂಪನಿಯದು ಅಂತ ವಾರಗಟ್ಟಲೆ ಚರ್ಚೆ ಮಾಡುವ ಹುಡುಗರು ಚಾಕು ಕೊಳ್ಳುವುದು ಮಾತ್ರ ಬಸ್ ಹತ್ತುವುದಕ್ಕೆ ಹತ್ತು ನಿಮಿಷ ಮುಂಚೆ. ಗಾಜಿನ ಪೆಟ್ಟಿಗೆಯಲ್ಲಿ ಯಾವುದು ಹೆಚ್ಚು ಹೊಳೆಯುತ್ತದೋ, ಯಾವುದು ‘ಟಕ್’ ಅಂತ ಜೋರಾಗಿ ಬಿಚ್ಚುತ್ತದೋ ಅದೇ ಒಳ್ಳೆಯದು. ಅಲ್ಲೇ ಎಡವಟ್ಟು. ಇಂಥ ಚಾಕು ಈರುಳ್ಳಿ ಹೆಚ್ಚುವುದಕ್ಕೆ ಬರುವುದಿಲ್ಲ, ಬೆರಳು ಕೊಯ್ಯುವುದಕ್ಕೆ ಬರುತ್ತದೆ. ಅದೃಷ್ಟ ಕೆಟ್ಟರೆ ಮೊಕದ್ದಮೆಗೂ ಬರುತ್ತದೆ.

ಮಕ್ಕಳನ್ನು ಹೀಗೆ ಕಳಿಸುವ ಅಪ್ಪ ಅಮ್ಮಂದಿರೂ, ಗಾಜಿನ ಪೆಟ್ಟಿಗೆಯ ಹಿಂದೆ ಕೂತು ಚಾಕು ಮಾರುವವರೂ ನಾಲ್ಕು ಸಂಗತಿ ತಿಳಿದಿದ್ದರೆ ಒಳ್ಳೆಯದು.

ಎಷ್ಟು ಉದ್ದ?

ಬಿಡಾರದಲ್ಲಿ ಚಾಕುವಿಗೆ ಇರುವ ಕೆಲಸವಾದರೂ ಏನು? ಹಗ್ಗ ಕತ್ತರಿಸಬೇಕು, ಪೊಟ್ಟಣ ಹರಿಯಬೇಕು, ಟೊಮೆಟೊ ಈರುಳ್ಳಿ ಹೆಚ್ಚಬೇಕು, ಡೇರೆಯ ಗೂಟಕ್ಕೆ ಕಡ್ಡಿ ಚೂಪು ಮಾಡಬೇಕು, ಕಿತ್ತಲೆ ಸುಲಿಯಬೇಕು. ಇಷ್ಟಕ್ಕೆ ಎರಡೂವರೆಯಿಂದ ಮೂರು ಅಂಗುಲದ ಅಲಗು ಧಾರಾಳವಾಯಿತು. ಸೌದೆ ಸೀಳಬೇಕು ಅನ್ನುವವರಿಗೆ ಮಚ್ಚು ಬೇರೆ ಇದೆ. ಮಚ್ಚಿನ ಕೆಲಸಕ್ಕೆ ಮಡಚುವ ಚಾಕು ಹಾಕಿದರೆ ಮೊದಲು ಮುರಿಯುವುದು ಅದರ ಕೀಲು.

ಸೈನ್ಯದವರ ಲೆಕ್ಕವೂ ಇದೇ. ಸ್ವಿಟ್ಜರ್‌ಲೆಂಡಿನ ಕಾರ್ಲ್ ಎಲ್ಸನರ್ ಎಂಬಾತ 1884ರಲ್ಲಿ ಚಾಕು ಮಾಡುವ ಕಾರ್ಖಾನೆ ಇಟ್ಟ. 1891ರಲ್ಲಿ ಅಲ್ಲಿನ ಸೈನ್ಯಕ್ಕೆ ಮಡಚುವ ಚಾಕು ಒದಗಿಸಿದ. ಇವತ್ತು ಕೆಂಪು ಹಿಡಿಯ ಮೇಲೆ ಶಿಲುಬೆ ಗುರುತಿನ ‘ಸ್ವಿಸ್ ಚಾಕು’ ಅಂತ ಪೇಟೆಯಲ್ಲಿ ಕಾಣುವುದು ಆ ವಂಶದ್ದೇ. ಆ ಸಿಪಾಯಿ ಚಾಕುವಿನಲ್ಲಿ ಇದ್ದದ್ದು ಒಂದು ಅಲಗು, ಡಬ್ಬಿ ತೆರೆಯುವ ಕೊಕ್ಕೆ, ತೂತು ಕೊರೆಯುವ ಮೊಳೆ, ಬಂದೂಕು ಬಿಚ್ಚಲು ಸ್ಕ್ರೂ ಡ್ರೈವರು. ಊಟಕ್ಕೂ ರಿಪೇರಿಗೂ ಕೊಟ್ಟ ಸಾಮಾನು ಅದು. ಸಿಪಾಯಿಗೇ ಅಷ್ಟು ಸಾಕಾದರೆ ಬಿಸಿಲೆ ಕಡೆ ತೋಟದಲ್ಲಿ ಒಂದು ರಾತ್ರಿ ಕಳೆಯುವ ಕಾಲೇಜು ಹುಡುಗನಿಗೆ ಒಂಬತ್ತಂಗುಲ ಯಾಕೆ ಸ್ವಾಮಿ?

ಯಾಕೆ ಅಂದರೆ ಸಿನಿಮಾ. ಹಿಂದಿ ಚಿತ್ರಗಳ ಖಳರ ಕೈಯಲ್ಲಿ ಉತ್ತರ ಪ್ರದೇಶದ ರಾಂಪುರದ ಚಾಕು ಎಷ್ಟು ಮಿಂಚಿತೆಂದರೆ ಊರಿನ ಹೆಸರೇ ಚಾಕುವಿನ ಹೆಸರಾಯಿತು. 2023ರಲ್ಲಿ ಆ ಊರಿನ ವೃತ್ತವೊಂದರಲ್ಲಿ ಆಳೆತ್ತರ ಮೀರಿದ ಚಾಕುವನ್ನೇ ನಿಲ್ಲಿಸಿದ್ದಾರೆ. ವೃತ್ತದಲ್ಲಿ ನಿಂತರೆ ಚೆಂದ. ಚೀಲದಲ್ಲಿದ್ದರೆ ತಂಟೆ.

ಕಾನೂನು ಏನನ್ನುತ್ತದೆ?

1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೆ ಮಾಡಿರುವ ನಿಯಮಗಳ ಪ್ರಕಾರ ಅಲಗು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಇರುವ ಚಾಕು ‘ಆಯುಧ’ದ ಪಟ್ಟಿಗೆ ಸೇರುತ್ತದೆ. ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಗೆಂದು ಮಾಡಿದ್ದಕ್ಕೆ ವಿನಾಯಿತಿ ಉಂಟು. ಆದ್ದರಿಂದಲೇ ತೋಟದ ಆಳು ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ರಸ್ತೆಯಲ್ಲಿ ನಡೆದರೆ ಯಾರೂ ತಡೆಯುವುದಿಲ್ಲ. ಅದು ಅವನ ದುಡಿಮೆಯ ಸಾಮಾನು.

ಹಾಗಾದರೆ ಮೂರಂಗುಲದ ಚಾಕುವಿಗೆ ಭಯವಿಲ್ಲ ಅಂದುಕೊಳ್ಳಬಹುದು. ಅಷ್ಟು ಸಲೀಸಲ್ಲ. ಗುಂಡಿ ಒತ್ತಿದರೆ ಸ್ಪ್ರಿಂಗಿನಿಂದ ತಾನೇ ಹಾರಿ ಬಿಚ್ಚಿಕೊಳ್ಳುವ ಚಾಕುಗಳ ಕತೆ ಬೇರೆ. ದೆಹಲಿಯಲ್ಲಿ 1980ರಲ್ಲಿ ಹೊರಟ ಅಧಿಸೂಚನೆ 7.62 ಸೆಂ.ಮೀ. ಉದ್ದ, 1.72 ಸೆಂ.ಮೀ. ಅಗಲದ ಬಟನ್ ಚಾಕುವನ್ನೂ ಆಯುಧವೆಂದೇ ಎಣಿಸಿತು. 7.62 ಸೆಂ.ಮೀ. ಅಂದರೆ ಸರಿಯಾಗಿ ಮೂರಂಗುಲ. ಅದು ದೆಹಲಿಯ ಮಾತು, ನಿಜ. ಆದರೆ ಬಟನ್ ಚಾಕು ಕಂಡ ಪೊಲೀಸರು ‘ಇದು ಹಣ್ಣು ಸುಲಿಯೋಕೆ’ ಅನ್ನುವ ಮಾತನ್ನು ಎಲ್ಲೂ ಸುಲಭಕ್ಕೆ ನಂಬುವುದಿಲ್ಲ.

ಇನ್ನು ಚುನಾವಣೆ, ಗಲಾಟೆ, ದೊಡ್ಡ ಮೆರವಣಿಗೆಗಳ ಹೊತ್ತಿನಲ್ಲಿ ಜಿಲ್ಲಾಡಳಿತ ನಿಷೇಧಾಜ್ಞೆ ಹೊರಡಿಸುವುದು ಎಲ್ಲರಿಗೂ ಗೊತ್ತು. ದೊಣ್ಣೆ, ಲಾಠಿ, ಚೂರಿ, ಚಾಕು ಹಿಡಿದು ತಿರುಗಬಾರದು ಅಂತ ಅದರಲ್ಲಿ ಬರೆದಿರುತ್ತದೆ. ಆ ದಿನಗಳಲ್ಲಿ ಮೂರಂಗುಲವೂ ಜೇಬಿನಲ್ಲಿರಬಾರದು. ಪತ್ರಿಕೆ ನೋಡಿ ಹೊರಡುವುದು ಲೇಸು. ವಿಮಾನ ಹತ್ತುವವರಂತೂ ಚಾಕುವನ್ನು ಕೈಚೀಲದಲ್ಲಿ ಇಡಲೇಬಾರದು. ಕೌಂಟರಿನಲ್ಲಿ ಒಪ್ಪಿಸುವ ಪೆಟ್ಟಿಗೆಯೊಳಗೆ ಹಾಕಬೇಕು. ಇಲ್ಲದಿದ್ದರೆ ಅದನ್ನು ತಪಾಸಣೆಯವರಿಗೇ ಬಿಟ್ಟು ಹೋಗಬೇಕಾಗುತ್ತದೆ.

ಕಾಡಿನ ಗೇಟಿನಲ್ಲಿ

ಬಹಳ ಮಂದಿಗೆ ಗೊತ್ತಿಲ್ಲದ ಕಾನೂನು ಒಂದಿದೆ. ಚಾರಣಕ್ಕೆ ಹೋಗುವವರಿಗೆ ಮುಖ್ಯವಾದದ್ದೂ ಅದೇ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಆಯುಧ’ ಅಂದರೆ ಏನು ಅಂತ ವಿವರಿಸಿದ್ದಾರೆ. ಬಂದೂಕು, ಬಿಲ್ಲುಬಾಣ, ಬಲೆ, ಉರುಲು, ವಿಷ ಇವುಗಳ ಸಾಲಿನಲ್ಲಿ ‘ಚಾಕು’ ಎಂಬ ಮಾತೂ ಇದೆ. ಎಷ್ಟು ಅಂಗುಲ ಎಂದು ಅಲ್ಲಿ ಹೇಳಿಲ್ಲ. ಅಭಯಾರಣ್ಯದೊಳಗೆ ಆಯುಧ ಹಿಡಿದು ಹೋಗಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅಪ್ಪಣೆ ಮೊದಲೇ ಬೇಕು ಎನ್ನುತ್ತದೆ 31ನೇ ಕಲಮು. ರಾಷ್ಟ್ರೀಯ ಉದ್ಯಾನಕ್ಕೂ ಇದೇ ಅನ್ವಯ. ಕಾಯ್ದೆ ಮುರಿದರೆ ಮೂರು ವರ್ಷದವರೆಗೆ ಸೆರೆಮನೆ ಅಥವಾ ದಂಡ, ಇಲ್ಲವೇ ಎರಡೂ. ದಂಡದ ಮಿತಿ ಮೊದಲು 25 ಸಾವಿರ ರೂಪಾಯಿ ಇತ್ತು. 2022ರ ತಿದ್ದುಪಡಿಯಲ್ಲಿ ಅದನ್ನು 1 ಲಕ್ಷಕ್ಕೆ ಏರಿಸಿದರು.

ಈಗ ನಮ್ಮ ಹುಡುಗರು ಹೋಗುವ ಜಾಗಗಳನ್ನು ನೋಡಿ. 1,712 ಮೀಟರು ಎತ್ತರದ ಕುಮಾರ ಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿ ಅಭಯಾರಣ್ಯದಲ್ಲಿ. ಕುದುರೆಮುಖ ಇರುವುದು ರಾಷ್ಟ್ರೀಯ ಉದ್ಯಾನದಲ್ಲಿ. ಸೇಬು ಕೊಯ್ಯಲು ತಂದ ಪೆನ್‌ನೈಫೂ ಆ ಗೇಟಿನ ಒಳಗೆ ಕಾಗದದ ಮೇಲೆ ಆಯುಧವೇ. ಬಿಗಿ ಎಷ್ಟು ಅನ್ನುವುದು ಗೇಟಿನಲ್ಲಿ ನಿಂತವರ ಮೇಲೂ ಇರಬಹುದು. ಆದರೆ ಅವರು ‘ಚಾಕು ಇಲ್ಲೇ ಇಟ್ಟು ಹೋಗಿ’ ಅಂದರೆ ವಾದ ಮಾಡುವುದಕ್ಕೆ ಜಾಗವಿಲ್ಲ. ಕಾಯ್ದೆ ಅವರ ಕಡೆಗಿದೆ.

2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಮಂದಿ ಒಟ್ಟಿಗೆ ನುಗ್ಗಿದ ಮೇಲೆ ಸರಕಾರ ಕೆಲಕಾಲ ಚಾರಣವನ್ನೇ ನಿಲ್ಲಿಸಿತು. ಮೊದಲೇ ಆನ್‌ಲೈನಿನಲ್ಲಿ ಹೆಸರು ನೋಂದಾಯಿಸಬೇಕೆಂಬ ಬಿಗಿ ಬಂದದ್ದು ಆಗ. ಹೆಸರು ಬರೆಸುವಾಗಲೇ ಚಾಕುವಿನ ವಿಚಾರವನ್ನೂ ಕೇಳಿಕೊಳ್ಳಬೇಕು. ಕೇಳುವುದಕ್ಕೆ ಆಗದಿದ್ದರೆ ಮನೆಯಲ್ಲೇ ಬಿಟ್ಟು ಹೋಗುವುದು ವಾಸಿ. ಬೆಳಿಗ್ಗೆ ಹತ್ತಿ ಸಂಜೆ ಇಳಿಯುವವರಿಗೆ ಅದರ ಅಗತ್ಯವೂ ಕಡಿಮೆ. ಹಣ್ಣನ್ನು ಮನೆಯಲ್ಲೇ ಹೆಚ್ಚಿ ಡಬ್ಬಿಗೆ ಹಾಕಿಕೊಂಡರೆ ಮುಗಿಯಿತು. ಚಾಕುವಿಗೆ ಸರಿಯಾದ ಜಾಗ ಸ್ನೇಹಿತರ ಕಾಫಿ ತೋಟ, ಊರಿನ ಹೊಳೆದಂಡೆ, ಅಪ್ಪಣೆ ಇರುವ ಬಿಡಾರ.

ಅಂಗಡಿಯಲ್ಲಿ ಬಿಚ್ಚಿ ನೋಡಿ

ಚಾಕುವನ್ನು ಕಣ್ಣಿನಲ್ಲಿ ನೋಡಿದರೆ ಸಾಲದು, ಕೈಯಲ್ಲಿ ಹಿಡಿದು ನೋಡಬೇಕು. ‘ಬಿಚ್ಚಿ ತೋರಿಸಿ’ ಅಂದರೆ ಮುಖ ಗಂಟಿಕ್ಕುವ ಅಂಗಡಿಯಲ್ಲಿ ಕೊಳ್ಳಲೇಬೇಡಿ.

ಮೊದಲು ಅಲಗನ್ನು ಪೂರ್ತಿ ಬಿಚ್ಚಿ. ಹಿಡಿಯನ್ನು ಒಂದು ಕೈಯಲ್ಲಿ, ಅಲಗಿನ ಬೆನ್ನನ್ನು ಇನ್ನೊಂದು ಕೈಯಲ್ಲಿ ಹಿಡಿದು ಅತ್ತಿತ್ತ ಅಲ್ಲಾಡಿಸಿ. ಹೊಸದರಲ್ಲೇ ಲಟಲಟ ಅಂದರೆ ವಾಪಸು ಕೊಡಿ. ಕೀಲು ಸಡಿಲಿದ ಚಾಕು ಒಂದಲ್ಲ ಒಂದು ದಿನ ಕೈಮೇಲೇ ಮಡಚಿಕೊಳ್ಳುತ್ತದೆ. ಆಮೇಲೆ ಮಡಚಿ. ಅಲಗು ಹಿಡಿಯ ನಟ್ಟನಡುವೆ ಕೂರಬೇಕು, ಒಂದು ಪಕ್ಕಕ್ಕೆ ತಾಗಿ ಉಜ್ಜಬಾರದು. ಚೂಪು ತುದಿ ಪೂರಾ ಒಳಗೆ ಅಡಗಬೇಕು. ತುದಿ ಕೂದಲೆಳೆಯಷ್ಟು ಹೊರಗಿದ್ದರೂ ಪ್ಯಾಂಟಿನ ಜೇಬು ಹರಿಯಿತು ಅಂತಲೇ ಲೆಕ್ಕ. ಜೇಬಿನ ಆಚೆ ತೊಡೆ ಇದೆ.

ಇನ್ನು ಲಾಕು. ಹಳೆ ಕಾಲದ ಪೆನ್‌ನೈಫಿಗೆ ಲಾಕು ಇಲ್ಲ. ಬೆನ್ನಿನ ಸ್ಪ್ರಿಂಗು ಒತ್ತಿ ಹಿಡಿದಿರುತ್ತದೆ, ಅಷ್ಟೇ. ಹಣ್ಣು ತರಕಾರಿಗೆ ಅದು ಸಾಕು. ಕಡ್ಡಿ ಕೆತ್ತುವ, ದಪ್ಪ ಹಗ್ಗ ಕುಯ್ಯುವ ಕೆಲಸಕ್ಕೆ ಲಾಕು ಇರುವುದೇ ಕ್ಷೇಮ. ಕೆಲವಕ್ಕೆ ಹಿಡಿಯ ಒಳಗಿನ ತಗಡು ಪಕ್ಕಕ್ಕೆ ಸರಿದು ಅಲಗಿನ ಬುಡವನ್ನು ತಡೆಯುತ್ತದೆ. ಕೆಲವಕ್ಕೆ ಬೆನ್ನ ಮೇಲೆ ಒತ್ತುಗುಂಡಿ. ಫ್ರಾನ್ಸಿನ ಒಪಿನೆಲ್ ಎಂಬ ಮರದ ಹಿಡಿಯ ಚಾಕುವಿಗೆ ಕತ್ತಿನಲ್ಲೊಂದು ಉಕ್ಕಿನ ಉಂಗುರ. ತಿರುಗಿಸಿದರೆ ಬೀಗ. ಆ ಚಾಕು 1890ರಲ್ಲಿ ಬೆಟ್ಟದ ಸೀಮೆಯ ರೈತರಿಗಾಗಿ ಹುಟ್ಟಿದ್ದು, ಉಂಗುರ ಬಂದದ್ದು 1955ರಲ್ಲಿ. ಅದರಲ್ಲಿ ಹೆಚ್ಚು ಹೆಸರಾದ ಎಂಟನೇ ನಂಬರಿನ ಅಲಗು 8.5 ಸೆಂ.ಮೀ., ಅಂದರೆ ಮೂರಂಗುಲದ ಮೇಲೆ ಸ್ವಲ್ಪ. ಲಾಕು ಯಾವುದೇ ಇರಲಿ, ಹಾಕಿದ ಮೇಲೆ ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ಮೆಲ್ಲಗೆ ಒತ್ತಿ ನೋಡಿ. ಬೆರಳುಗಳು ಅಲಗಿನ ದಾರಿಯಲ್ಲಿ ಇರಬಾರದು. ಜಾರಿದರೆ ಅದು ಲಾಕಲ್ಲ, ಅಲಂಕಾರ.

ಹದಿನೈದು ಸಾಮಾನು ಒಂದರಲ್ಲೇ ಇರುವ ಚಾಕು ಬೇಕೆ ಬೇಡವೇ ಅನ್ನುವುದು ಎರಡನೇ ಮಾತು. ಅಲಗು, ಡಬ್ಬಿ ತೆರೆಯುವುದು, ಸ್ಕ್ರೂ ಡ್ರೈವರು, ಸಣ್ಣ ಕತ್ತರಿ ಇದ್ದರೆ ಪ್ರಯಾಣಕ್ಕೆ ಬೇಕಾದಷ್ಟಾಯಿತು. ಚಮಚ, ಮುಳ್ಳುಚಮಚ, ದಿಕ್ಸೂಚಿ ಎಲ್ಲ ಸೇರಿಸಿದ ಅಗ್ಗದ ಸಾಮಾನು ಕೈಗೆ ಇಟ್ಟಿಗೆಯಂತೆ ಭಾರ, ಕೆಲಸಕ್ಕೆ ಒಂದೂ ಇಲ್ಲ.

ಉಕ್ಕು ಎಂಥದು?

ಅಂಗಡಿಯವರು ‘ಸ್ಟೀಲು ಸಾರ್’ ಅಂದುಬಿಡುತ್ತಾರೆ. ಸ್ಟೀಲಿನಲ್ಲಿ ಎರಡು ಜಾತಿ. ಒಂದು ಸ್ಟೇನ್‌ಲೆಸ್. ಇದರಲ್ಲಿ ನೂರಕ್ಕೆ ಹತ್ತೂವರೆ ಪಾಲಾದರೂ ಕ್ರೋಮಿಯಂ ಇರುತ್ತದೆ, ಸುಲಭಕ್ಕೆ ತುಕ್ಕು ಹಿಡಿಯುವುದಿಲ್ಲ. ಇನ್ನೊಂದು ಕಾರ್ಬನ್ ಉಕ್ಕು. ನಾಲ್ಕು ಸಲ ಕಲ್ಲಿಗೆ ಉಜ್ಜಿದರೆ ಹರಿತವಾಗುತ್ತದೆ. ಆದರೆ ನಿಂಬೆಹಣ್ಣು ಕೊಯ್ದು ಒರೆಸದೆ ಇಟ್ಟರೆ ಊಟ ಮುಗಿಯುವಷ್ಟರಲ್ಲಿ ಕಪ್ಪು ಕಲೆ, ಮಳೆಯಲ್ಲಿ ಒದ್ದೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ತುಕ್ಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಶಿರಾಡಿ, ಬಿಸಿಲೆ ಕಡೆಗೆ ಹೋಗುವವರಿಗೆ ಸ್ಟೇನ್‌ಲೆಸ್ಸೇ ಸೈ. ದಿನಾ ಒರೆಸಿ ಎಣ್ಣೆ ಹಚ್ಚುವ ಶಿಸ್ತು ಇದ್ದವರು ಮಾತ್ರ ಕಾರ್ಬನ್ ಉಕ್ಕು ಕೊಳ್ಳಲಿ. ಮರದ ಹಿಡಿಗೂ ಮಳೆ ಆಗದು. ನೀರು ಕುಡಿದ ಮರ ಉಬ್ಬಿ ಅಲಗು ಬಿಚ್ಚುವುದೇ ಕಷ್ಟವಾಗುತ್ತದೆ. ಅಂಥ ಹೊತ್ತಿನಲ್ಲಿ ಹಲ್ಲಿನಿಂದ ಕಚ್ಚಿ ಎಳೆಯುವ ಶೂರರಿದ್ದಾರೆ. ಬೇಡಿ, ದಯವಿಟ್ಟು.

ಮೊಂಡು ಚಾಕುವೇ ಅಪಾಯ

‘ಹರಿತ ಇದ್ದರೆ ಕೈ ಕೊಯ್ಯುತ್ತೆ, ಮೊಂಡಾಗೇ ಇರಲಿ’ ಅನ್ನುವ ಮಾತು ಮನೆ ಮನೆಯಲ್ಲೂ ಉಂಟು. ಅದು ತಿರುವುಮುರುವು. ಹರಿತದ ಚಾಕು ಇಟ್ಟ ಕಡೆ ಇಳಿಯುತ್ತದೆ. ಮೊಂಡು ಚಾಕುವಿಗೆ ಬಲ ಹಾಕಬೇಕು. ಬಲ ಹಾಕಿದಾಗ ಜಾರುತ್ತದೆ, ಜಾರಿದ್ದು ಬೆರಳಿಗೆ ಬರುತ್ತದೆ.

ಸಾಣೆ ಕಷ್ಟದ ವಿದ್ಯೆಯೇನೂ ಅಲ್ಲ. ಹಾರ್ಡ್‌ವೇರ್ ಅಂಗಡಿಗಳಲ್ಲಿ ಒಂದು ಮುಖ ಒರಟು, ಇನ್ನೊಂದು ಮುಖ ನಯ ಇರುವ ಸಾಣೆಕಲ್ಲು ಸಿಗುತ್ತದೆ. ಕಲ್ಲನ್ನು ನೀರಿನಲ್ಲಿ ನೆನೆಸಿ, ಜಾರದಂತೆ ಒದ್ದೆ ಬಟ್ಟೆಯ ಮೇಲೆ ಇಡಿ. ಅಲಗನ್ನು ಕಲ್ಲಿನ ಮೇಲೆ ಮಲಗಿಸಿ ಬೆನ್ನನ್ನು ಸ್ವಲ್ಪ ಎತ್ತಬೇಕು. ಎಷ್ಟು? ಅಲಗಿನ ಅಗಲದ ಮೂರನೇ ಒಂದು ಪಾಲು. ಅರ್ಧ ಅಂಗುಲ ಅಗಲದ ಅಲಗಾದರೆ ನಾಲ್ಕು ಮಿಲಿಮೀಟರು. ಆಗ ಕೋನ ಸುಮಾರು 20 ಡಿಗ್ರಿ ಬರುತ್ತದೆ, ಜೇಬು ಚಾಕುವಿಗೆ ಅದೇ ಸರಿ. ಅದೇ ಕೋನ ಬಿಡದೆ, ಕಲ್ಲಿನಿಂದ ತೆಳ್ಳಗೆ ಪದರ ಸೀಳುವವರಂತೆ ಬುಡದಿಂದ ತುದಿಯವರೆಗೆ ಎಳೆಯಬೇಕು. ಒಂದು ಬದಿ ಹತ್ತು ಸಲವಾದರೆ ಇನ್ನೊಂದು ಬದಿಯೂ ಹತ್ತು ಸಲ. ಒರಟು ಮುಖ ಮುಗಿದ ಮೇಲೆ ನಯದ ಮುಖ. ಬಿಡಾರದಲ್ಲಿ ಕಲ್ಲಿಲ್ಲವೇ? ಪಿಂಗಾಣಿ ಬಟ್ಟಲನ್ನು ಬೋರಲು ಹಾಕಿ. ತಳದಲ್ಲಿ ಹೊಳಪಿಲ್ಲದ ಒರಟು ಬಳೆಯಂಥ ಅಂಚು ಇರುತ್ತದೆ. ಎಂಟು ಹತ್ತು ಸಲ ಎಳೆದರೆ ತಾತ್ಕಾಲಿಕಕ್ಕೆ ಸಾಕು.

ಹರಿತವಾಯಿತೇ ಅಂತ ಹೆಬ್ಬೆರಳು ಆಡಿಸಿ ನೋಡಬಾರದು. ಓದಿ ಮುಗಿದ ಮೇಲೆ ಈ ಪತ್ರಿಕೆಯ ಹಾಳೆಯನ್ನೇ ಎತ್ತಿ ಹಿಡಿದು ಕೊಯ್ದು ನೋಡಿ. ಹರಿಯದೆ ಸೀದಾ ಇಳಿದರೆ ಪಾಸು.

ಬೀದಿಯಲ್ಲಿ ಸೈಕಲ್ ಪೆಡಲು ತುಳಿದು ಚಕ್ರ ತಿರುಗಿಸುವ ಸಾಣೆಯವರಿಗೆ ಕೊಡುವುದಾದರೆ ಒಂದು ಎಚ್ಚರ. ಕಿಡಿ ಹಾರಿದಷ್ಟೂ ಕೆಲಸ ಜೋರು ಅಂತ ನೋಡುವವರಿಗೆ ಖುಷಿ. ಆದರೆ ತೆಳು ಅಂಚು ಬಿಸಿಯಾಗಿ 300 ಡಿಗ್ರಿ ಮುಟ್ಟಿದರೆ ಉಕ್ಕು ನೀಲಿಗೆ ತಿರುಗುತ್ತದೆ. ನೀಲಿ ಬಂತೆಂದರೆ ಅಲ್ಲಿಯ ಹದ ಹೋಯಿತು ಅಂತ. ಆಮೇಲೆ ಎಷ್ಟು ಉಜ್ಜಿದರೂ ಎರಡು ದಿನಕ್ಕೆ ಮೊಂಡು. ‘ಅಣ್ಣಾ, ನಿಧಾನಕ್ಕೆ ಹಿಡಿ, ನಡುನಡುವೆ ನೀರಿಗೆ ಅದ್ದು’ ಅಂತ ಹೇಳಬೇಕು. ಕಸುಬು ಬಲ್ಲವರು ಹೇಳುವ ಮುಂಚೆಯೇ ಅದ್ದುತ್ತಾರೆ. ಇದೇ ಕಾರಣಕ್ಕೆ ಬಿಡಾರದ ಬೆಂಕಿಯಲ್ಲಿ ಚಾಕುವಿನ ತುದಿಯಿಂದ ಕೆಂಡ ಕೆದಕಬಾರದು.

ನೀರು, ಎಣ್ಣೆ, ಒಣ ಬಟ್ಟೆ

ಮನೆಗೆ ಬಂದ ಮೇಲೆ ಚಾಕುವನ್ನು ಚೀಲದಲ್ಲೇ ಮರೆಯುವುದು ಎಲ್ಲರ ಚಾಳಿ. ಮುಂದಿನ ರಜೆಗೆ ತೆಗೆದರೆ ಕೀಲಿನಲ್ಲಿ ಟೊಮೆಟೊ ಬೀಜ, ಮರಳು, ತುಕ್ಕು.

ಅಲಗು ಬಿಚ್ಚಿ ಬಿಸಿನೀರು, ಸೋಪಿನಲ್ಲಿ ತೊಳೆಯಿರಿ. ಹಿಡಿಯೊಳಗಿನ ಕಸವನ್ನು ಹಲ್ಲುಕಡ್ಡಿಯಿಂದ ಕೆದಕಿ. ಮರದ ಹಿಡಿಯಾದರೆ ನೆನೆಹಾಕದೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬಿಚ್ಚಿಟ್ಟೇ ಪೂರ್ತಿ ಒಣಗಿಸಿ, ಮಕ್ಕಳ ಕೈಗೆ ಎಟುಕದ ಕಡೆ. ಒಣಗಿದ ಮೇಲೆ ಕೀಲಿಗೆ ಒಂದೇ ಒಂದು ತೊಟ್ಟು ಹೊಲಿಗೆ ಮಿಷನ್ನಿನ ಎಣ್ಣೆ ಬಿಟ್ಟು ಹತ್ತು ಸಲ ಬಿಚ್ಚಿ ಮಡಚಿ, ಹೆಚ್ಚಾದದ್ದನ್ನು ಒರೆಸಿಬಿಡಿ. ಎಣ್ಣೆ ಸುರಿದರೆ ಧೂಳು ಅಂಟುತ್ತದೆ. ತಿನ್ನುವ ಪದಾರ್ಥ ಕೊಯ್ಯುವ ಮುಂಚೆ ಅಲಗನ್ನು ಮತ್ತೆ ಸೋಪಿನಲ್ಲಿ ತೊಳೆಯುವುದು ಮರೆಯಬಾರದು.

ಕೊಬ್ಬರಿ ಎಣ್ಣೆ ಆಗದೇ ಅಂತ ಕೇಳುವವರಿದ್ದಾರೆ. ಅಲಗಿಗೆ ತೆಳ್ಳಗೆ ಸವರಬಹುದು. ಕೀಲಿಗೆ ಬೇಡ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಕೆಳಗೆ ಗಟ್ಟಿಯಾಗುತ್ತದೆ, ಡಿಸೆಂಬರಿನ ಮಲೆನಾಡಿನ ಬೆಳಗಿನಲ್ಲಿ ಚಾಕು ಬಿಚ್ಚುವುದಿಲ್ಲ. ಹಳತಾದರೆ ಕಮಟು ಹಿಡಿದು ಅಂಟಾಗುತ್ತದೆ. ಚರ್ಮದ ಚೀಲದಲ್ಲಿ ತಿಂಗಳಾನುಗಟ್ಟಲೆ ಇಡುವುದೂ ತಪ್ಪು, ಚರ್ಮ ತೇವ ಹಿಡಿದಿಡುತ್ತದೆ. ಒಣ ಬಟ್ಟೆಯಲ್ಲಿ ಸುತ್ತಿಟ್ಟರೆ ಸಾಕು.

ಕೈ ಜೋಪಾನ

ಕೊಯ್ಯುವಾಗ ಅಲಗು ಮೈಯಿಂದ ಆಚೆ ಹೋಗಬೇಕು, ತೊಡೆಯ ಮೇಲೆ ಇಟ್ಟು ಕೆತ್ತಬಾರದು. ತೋಳು ಚಾಚಿದರೆ ಸಿಗುವಷ್ಟು ದೂರದಲ್ಲಿ ಇನ್ನೊಬ್ಬರು ಕೂತಿರಬಾರದು. ಇನ್ನೊಬ್ಬರಿಗೆ ಕೊಡುವಾಗ ಮಡಚಿ ಕೊಡಿ. ಚಾಕುವಿನ ತುದಿಯಿಂದ ಡಬ್ಬಿಯ ಮುಚ್ಚಳ ಮೀಟುವುದು, ತೆಂಗಿನಕಾಯಿ ಬಿಡಿಸುವುದು, ಮರಕ್ಕೆ ಎಸೆಯುವುದು ಇವು ಮೂರೂ ಆಸ್ಪತ್ರೆಯ ದಾರಿ. ಓಡುವ ಬಸ್ಸಿನಲ್ಲಿ ಸೌತೆಕಾಯಿ ಹೆಚ್ಚುವವರೂ ಕಾಣಸಿಗುತ್ತಾರೆ. ಡ್ರೈವರು ಬ್ರೇಕು ಹಾಕಿದರೆ ಸೌತೆಕಾಯಿಯ ಜೊತೆ ಪಕ್ಕದವರ ಗತಿಯೇನು?

ಕೊಯ್ದುಕೊಂಡರೆ ಕಾಫಿಪುಡಿ, ಅರಿಶಿನ ತುಂಬಬೇಡಿ. ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿದು ಕೈ ಎತ್ತಿಡಿ. ರಕ್ತ ನಿಂತ ಮೇಲೆ ಶುದ್ಧ ನೀರಿನಲ್ಲಿ ತೊಳೆದು ಕಟ್ಟಿ. ನಿಲ್ಲದಿದ್ದರೆ, ಗಾಯ ಬಾಯಿ ಬಿಟ್ಟಿದ್ದರೆ, ಬೆರಳು ಮಡಚಲು ಬಾರದಿದ್ದರೆ ತಡಮಾಡದೆ ಆಸ್ಪತ್ರೆ. ಧನುರ್ವಾಯು ಚುಚ್ಚುಮದ್ದು ಯಾವಾಗ ಆಗಿತ್ತು ಅಂತ ಡಾಕ್ಟರಿಗೆ ಹೇಳಬೇಕು.

ಅಂಗಡಿಯವರಿಗೊಂದು ಮಾತು

ವ್ಯಾಪಾರ ವ್ಯಾಪಾರವೇ, ಒಪ್ಪೋಣ. ಆದರೂ ಮೀಸೆ ಮೂಡದ ಹುಡುಗ ಬಂದು ‘ಬಟನ್ ಒತ್ತಿದ್ರೆ ಓಪನ್ ಆಗೋದು ಕೊಡಿ ಅಂಕಲ್’ ಅಂದಾಗ ಅಂಗಡಿಯವರು ಒಂದು ಕ್ಷಣ ತಡೆಯಬಹುದು. ‘ಏನಕ್ಕಪ್ಪಾ?’ ಅಂತ ಕೇಳುವುದಕ್ಕೆ ಕಾಸು ಖರ್ಚಿಲ್ಲ. ಬಿಡಾರಕ್ಕೆ ಅಂದರೆ ಲಾಕು ಇರುವ ಮೂರಂಗುಲದ್ದು ತೋರಿಸಿ, ಜೊತೆಗೆ ಸಾಣೆಕಲ್ಲನ್ನೂ ಮಾರಿ. ಲಾಭ ಅಲ್ಲೂ ಇದೆ. ಹೊಡೆದಾಟಕ್ಕೆ ಅನ್ನುವುದು ಮುಖದಲ್ಲೇ ಕಂಡರೆ ‘ಮಾಲು ಖಾಲಿ’ ಅನ್ನಿ. ನಾಳೆ ಆ ಚಾಕು ಠಾಣೆಯ ಮೇಜಿನ ಮೇಲೆ ಕೂತರೆ ಪೊಲೀಸರು ಮೊದಲು ಕೇಳುವುದು ‘ಎಲ್ಲಿ ತಗೊಂಡೆ?’ ಅಂತಲೇ.